ಟೈರಿನ ತೆರಿಗೆ ಇಳಿಯಿತು. ಟ್ರ್ಯಾಕ್ಟರಿನ ಭಾರ ತೂಗಿ ನೋಡಿದಿರಾ?



2025ರ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ಸೇರಿದ್ದ ಸರಕು ಮತ್ತು ಸೇವಾ ತೆರಿಗೆ ಮಂಡಳಿಯ 56ನೆಯ ಸಭೆ ಹಲವು ತೀರ್ಮಾನಗಳನ್ನು ಕೈಗೊಂಡಿತು. ಅವುಗಳಲ್ಲಿ ಒಂದು ನಮ್ಮ ಹಳ್ಳಿಗಳ ಕೊಟ್ಟಿಗೆಯವರೆಗೂ ಬಂದು ತಲುಪಿದೆ. ಕೃಷಿ ಟ್ರ್ಯಾಕ್ಟರಿನ ಮೇಲೆ ಇದ್ದ ನೂರಕ್ಕೆ 12ರ ತೆರಿಗೆ 5ಕ್ಕೆ ಇಳಿಯಿತು. ಟ್ರ್ಯಾಕ್ಟರಿನ ಟೈರು ಮತ್ತು ಟ್ಯೂಬುಗಳ ಮೇಲೆ ಇದ್ದ ತೆರಿಗೆಯಂತೂ 18ರಿಂದ 5ಕ್ಕೆ ಬಂತು. ಹಿಂದಿನ ಚಕ್ರದ ರಿಮ್ಮಿಗೂ ಇದೇ ದರ. ಸೆಪ್ಟೆಂಬರ್ 22ರಿಂದ ಈ ದರಗಳು ಜಾರಿಗೆ ಬಂದಿವೆ.

ಇದರಿಂದ ಕೈಯಲ್ಲಿ ಉಳಿಯುವುದೆಷ್ಟು? ಲೆಕ್ಕಕ್ಕೆ ಸುಲಭವಾಗಲೆಂದು ತೆರಿಗೆ ಬಿಟ್ಟು 20,000 ರೂಪಾಯಿ ಬೆಲೆಯ ಒಂದು ಟೈರನ್ನು ತೆಗೆದುಕೊಳ್ಳೋಣ. ಹಳೆಯ ದರದಲ್ಲಿ ಅದಕ್ಕೆ 23,600 ರೂಪಾಯಿ ಕೊಡಬೇಕಾಗಿತ್ತು. ಹೊಸ ದರದಲ್ಲಿ 21,000. ಒಂದು ಟೈರಿಗೆ 2,600 ರೂಪಾಯಿ, ಹಿಂದಿನ ಎರಡಕ್ಕೂ ಸೇರಿ 5,200 ರೂಪಾಯಿ ಉಳಿಯಿತು. ಸಣ್ಣ ಹಿಡುವಳಿದಾರನಿಗೆ ಇದು ಕಡಮೆ ಮೊತ್ತವಲ್ಲ.

ಆದರೆ ಬೆಲೆ ಇಳಿಯಿತೆಂದು ಅಂಗಡಿಗೆ ಓಡುವ ಮೊದಲು ಒಂದು ಗಳಿಗೆ ನಿಲ್ಲಿ. ತೆರಿಗೆಯಲ್ಲಿ ಉಳಿದ ಐದು ಸಾವಿರವನ್ನು ತಪ್ಪು ಟೈರು, ತಪ್ಪು ಭಾರ ಒಂದೇ ವರ್ಷದಲ್ಲಿ ಡೀಸೆಲ್ ರೂಪದಲ್ಲಿ ತಿಂದುಹಾಕಬಲ್ಲವು. ಯಾವ ಟೈರು, ಯಾವಾಗ, ಅದರ ಮೇಲೆ ಎಷ್ಟು ಭಾರ ಎಂಬ ಮೂರು ಪ್ರಶ್ನೆಗಳಿಗೆ ನಿಮ್ಮ ಹೊಲದಲ್ಲೇ ಉತ್ತರ ಕಂಡುಕೊಳ್ಳುವುದು ಹೇಗೆಂಬುದನ್ನು ಈ ವಾರ ಪರಿಶೀಲಿಸೋಣ.

ಒಂದೇ ಟ್ರ್ಯಾಕ್ಟರಿಗೆ ಎರಡು ಬಾಳು

ಬೆಂಗಳೂರಿನ ಪಡುವಣ ದಿಕ್ಕಿನ ರೈತರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಸಾಣೇಗುರುವನಹಳ್ಳಿ ಎಂಬ ಹೆಸರುಗಳು ಇಂದಿಗೂ ವಿಜಯನಗರ, ಬಸವೇಶ್ವರನಗರಗಳ ನಡುವೆ ಉಳಿದಿವೆ; ಅಲ್ಲಿ ನೇಗಿಲು ಮಾತ್ರ ಉಳಿದಿಲ್ಲ. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವಣ 12 ಹಳ್ಳಿಗಳಲ್ಲಿ ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ 4,043 ಎಕರೆಯನ್ನು ಗುರುತಿಸಲಾಯಿತು. ಕೆಂಗೇರಿ, ತಾವರೆಕೆರೆ ಹೋಬಳಿಗಳಲ್ಲಿ ಉಳಿದಿರುವ ಹೊಲಗಳು ಚಿಕ್ಕವು, ಒಂದಕ್ಕೊಂದು ದೂರ. ರಾಮೋಹಳ್ಳಿಯ ಕಡೆ ಒಂದು ತುಂಡು, ಕುಂಬಳಗೋಡಿನ ಕಡೆ ಇನ್ನೊಂದು ತುಂಡು ಎಂಬಂತಹ ಪರಿಸ್ಥಿತಿ.

ಹೀಗಾಗಿ ಇಲ್ಲಿಯ ಮಿನಿ ಟ್ರ್ಯಾಕ್ಟರಿಗೆ ಎರಡು ಬಾಳು. ಮುಂಗಾರಿನ ಮೊದಲ ಮಳೆಯಿಂದ ರಾಗಿ ಬಿತ್ತನೆಯವರೆಗೆ ಕೆಮ್ಮಣ್ಣಿನ ಹೊಲದಲ್ಲಿ ಉಳುಮೆ, ವರ್ಷವಿಡೀ ಹಿಪ್ಪುನೇರಳೆ ಸಾಲುಗಳ ನಡುವೆ ಕೆಲಸ. ಉಳಿದ ದಿನಗಳಲ್ಲಿ ಗೊಬ್ಬರ, ಹುಲ್ಲು, ಇಟ್ಟಿಗೆ, ಮರಳು, ನೀರಿನ ಟ್ಯಾಂಕು ಎಳೆಯುತ್ತ ಟಾರು ರಸ್ತೆಯಲ್ಲಿ ಓಡಾಟ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ, ಟ್ರೇಲರ್ ಇದ್ದರೂ ಇಲ್ಲದಿದ್ದರೂ, ಕೃಷಿ ಟ್ರ್ಯಾಕ್ಟರುಗಳ ಓಡಾಟವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಆ ಮಾರ್ಗದ ರೈತರು ಸರ್ವಿಸ್ ರಸ್ತೆ ಹಿಡಿಯಬೇಕಾಯಿತು. ಅಲ್ಲಿ ಉಬ್ಬು, ತಿರುವು, ನಿಲ್ಲುವುದು, ಹೊರಡುವುದು ಹೆಚ್ಚು. ಪ್ರತಿ ಸಲ ನಿಂತು ಹೊರಟಾಗಲೂ ಟೈರಿನ ಹಲ್ಲು ಟಾರಿನ ಮೇಲೆ ಉಜ್ಜಿ ಸವೆಯುತ್ತದೆ.

ಹೊಲಕ್ಕೆ ಒಳ್ಳೆಯದಾದದ್ದು ರಸ್ತೆಗೆ ಕೆಟ್ಟದ್ದು, ರಸ್ತೆಗೆ ಒಳ್ಳೆಯದಾದದ್ದು ಹೊಲಕ್ಕೆ ಕೆಟ್ಟದ್ದು. ಟೈರು ಮಾರುವವರು ಎರಡಕ್ಕೂ ಒಂದೇ ಉತ್ತರ ಹೇಳಿದರೆ ನಂಬಬೇಡಿ. ಮೊದಲು ನಿಮ್ಮ ಟ್ರ್ಯಾಕ್ಟರಿನ ಗಂಟೆಮಾಪಕವನ್ನು ನೋಡಿ, ವರ್ಷದಲ್ಲಿ ಎಷ್ಟು ಗಂಟೆ ಹೊಲದಲ್ಲಿ, ಎಷ್ಟು ಗಂಟೆ ರಸ್ತೆಯಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಹಾಳೆಯ ಮೇಲೆ ನಿಂತಿವೆ.

ಈಗಲೇ ಕೊಳ್ಳಬೇಕೆ?

ತೆರಿಗೆಯ ಇಳಿಕೆ ಹಬ್ಬದ ರಿಯಾಯಿತಿಯಲ್ಲ. ಹಬ್ಬ ಮುಗಿದೊಡನೆ ಅದು ಮುಗಿಯುವುದಿಲ್ಲ. ಸುಗ್ಗಿಯ ಹೊತ್ತಿಗೆ ಹೊಸ ಟೈರು ಏರಿಸಿ, ಬೇಸಿಗೆಯವರೆಗೆ ಅದರಲ್ಲೇ ಇಟ್ಟಿಗೆ ಎಳೆದರೆ, ಉಳುಮೆಯ ಹೊತ್ತಿಗೆ ಹೊಸ ಹಲ್ಲಿನ ಒಂದು ಪಾಲು ರಸ್ತೆಯ ಪಾಲಾಗಿರುತ್ತದೆ. ಹಳೆಯ ಟೈರಿನ ಹಲ್ಲು ಸವೆದಿದ್ದರೂ ಮೈ ಗಟ್ಟಿಯಾಗಿದ್ದರೆ ರಸ್ತೆಯ ಕೆಲಸವನ್ನು ಅದರಲ್ಲೇ ಮುಗಿಸಿ, ಹೊಸದನ್ನು ಮುಂಗಾರಿನ ಉಳುಮೆಗೆ ಮೊದಲು ಏರಿಸುವುದು ಜಾಣತನ. ಅನುಕೂಲವಿದ್ದವರು ಹಳೆಯ ಜೊತೆಯನ್ನು ಬೇರೆ ರಿಮ್ಮಿನಲ್ಲಿ ಇಟ್ಟುಕೊಂಡು ರಸ್ತೆಯ ಕಾಲಕ್ಕೆ ಬದಲಾಯಿಸಬಹುದು. ರಿಮ್ಮಿನ ತೆರಿಗೆಯೂ ಇಳಿದಿರುವುದರಿಂದ ಇದು ಈಗ ಯೋಚಿಸತಕ್ಕ ಮಾತು.

ಆದರೆ ಟೈರಿನ ಪಕ್ಕೆಯಲ್ಲಿ ಒಳಗಿನ ದಾರ ಕಾಣುವಷ್ಟು ಬಿರುಕು ಬಿಟ್ಟಿದ್ದರೆ, ಉಬ್ಬು ಬಂದಿದ್ದರೆ, ಅಂಚಿನ ತಂತಿ ಸಡಿಲವಾಗಿದ್ದರೆ ಒಂದು ದಿನವೂ ತಡೆಯಬೇಡಿ. ಅಂತಹ ಟೈರಿಗೆ ರೀಟ್ರೇಡ್ ಮಾಡಿಸುವುದೂ ಹಣ ದಂಡ. ಹೊಸ ಹಲ್ಲು ಕೂರುವುದು ಗಟ್ಟಿಯಾದ ಮೈಯ ಮೇಲೆ ಮಾತ್ರ.

ಕೊಳ್ಳುವಾಗ ಮೂರು ವಿಷಯಗಳನ್ನು ಮರೆಯಬಾರದು. ಮೊದಲನೆಯದು, ತೆರಿಗೆಯನ್ನು ಬೇರೆಯಾಗಿ ತೋರಿಸಿದ ಬಿಲ್ಲನ್ನೇ ಕೇಳಿ; ಅದರಲ್ಲಿ 5 ಎಂದಿರಬೇಕು. ಸರಕು ಹಳೆಯದೆಂಬ ನೆಪ ನಡೆಯುವುದಿಲ್ಲ. ಮಾರಾಟದ ದಿನದ ದರವೇ ದರ. ಎರಡನೆಯದು, ಟ್ರೇಲರಿಗೆ ಹಾಕುವ ಹೊಸ ಲಾರಿ ಟೈರಿಗೆ ಈ ದರ ಅನ್ವಯಿಸುವುದಿಲ್ಲ. ಅದರ ತೆರಿಗೆ 28ರಿಂದ 18ಕ್ಕೆ ಇಳಿದಿದೆ. ಎರಡನ್ನೂ ಒಟ್ಟಿಗೆ ಕೊಂಡಾಗ ಬಿಲ್ಲಿನಲ್ಲಿ ಎರಡು ದರ ಕಂಡರೆ ಗಾಬರಿಯಾಗಬೇಡಿ. ಮೂರನೆಯದು, ಟೈರಿನ ಪಕ್ಕೆಯಲ್ಲಿ ತಯಾರಾದ ದಿನದ ಗುರುತು ಇರುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2325 ಎಂದಿದ್ದರೆ 2025ರ 23ನೆಯ ವಾರ. ರಬ್ಬರು ಬಳಸದೆ ಇಟ್ಟರೂ ಮುದಿಯಾಗುತ್ತದೆ. ಬೆಲೆ ಇಳಿದ ಸಂದಣಿಯಲ್ಲಿ ಮೂರು ನಾಲ್ಕು ವರ್ಷ ಗೋದಾಮಿನಲ್ಲಿ ಕುಳಿತ ಸರಕು ನಿಮ್ಮ ಪಾಲಿಗೆ ಬಾರದಿರಲಿ.

ಅಂಕಿಗಳನ್ನು ಓದುವುದು

ಟೈರಿನ ಮೇಲೆ 8.3-24 ಎಂದಿದ್ದರೆ ಟೈರಿನ ಅಗಲ 8.3 ಅಂಗುಲ, ಅದು ಕೂರುವ ರಿಮ್ಮಿನ ಅಡ್ಡಳತೆ 24 ಅಂಗುಲ ಎಂದರ್ಥ. 15ರಿಂದ 18 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಮುಂದೆ 5.20-14, ಹಿಂದೆ 8.00-18 ಸಾಮಾನ್ಯ. 24–27 ಅಶ್ವಶಕ್ತಿಯ, ನಾಲ್ಕು ಚಕ್ರವೂ ಎಳೆಯುವ ಮಾದರಿಗಳಲ್ಲಿ ಹಿಂದೆ 8.3-20 ಅಥವಾ 8.3-24 ಕಾಣುತ್ತೇವೆ. ದೊಡ್ಡ ಟ್ರ್ಯಾಕ್ಟರುಗಳಲ್ಲಿ 12.4-28, 13.6-28 ಇರುತ್ತವೆ.

ಪಕ್ಕದಲ್ಲೇ ಪಿ.ಆರ್. ಎಂಬ ಅಕ್ಷರಗಳೊಡನೆ 6, 8, 12 ಎಂಬ ಅಂಕಿ ಇರುತ್ತದೆ. ಇದು ಟೈರಿನ ಮೈ ಎಷ್ಟು ಭಾರ ತಾಳಬಲ್ಲದೆಂಬುದರ ಅಳತೆ. ಹೆಚ್ಚು ಪಿ.ಆರ್. ಇದ್ದರೆ ಹಿಡಿತ ಹೆಚ್ಚು ಎಂಬ ತಿಳಿವಳಿಕೆ ತಪ್ಪು. ಟ್ರೇಲರಿನ ಹೊರೆ ಹೊರುವವರಿಗೆ ಅದು ಬೇಕು. ಕೇವಲ ಹೊಲದ ಕೆಲಸಕ್ಕೆ ಕಂಪನಿ ಹೇಳಿದ್ದಕ್ಕಿಂತ ಗಡುಸಾದ ಟೈರು ಹಾಕಿದರೆ ಅದು ನೆಲದ ಮೇಲೆ ಅಗಲವಾಗಿ ಕೂರುವುದಿಲ್ಲ.

ಅಗಲದ ಟೈರು ಹಾಕಿಸಿದರೆ ಟ್ರ್ಯಾಕ್ಟರು ಬಲವಾಗುತ್ತದೆಂದು ನಂಬಿದವರೂ ಇದ್ದಾರೆ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ ಹೆಚ್ಚುತ್ತದೆ, ಎಳೆಯುವ ಬಲ ಅಷ್ಟೇ ಕಡಮೆಯಾಗುತ್ತದೆ. ಬ್ರೇಕಿನ ಮೇಲೂ ಹೊರೆ. ಹಿಪ್ಪುನೇರಳೆ ಬೆಳೆಗಾರರು ಇನ್ನೊಂದನ್ನೂ ನೋಡಬೇಕು. ಜೋಡಿ ಸಾಲಿನ ನಾಟಿಯಲ್ಲಿ ಟ್ರ್ಯಾಕ್ಟರು ಓಡಾಡುವ ಸಾಲಿನ ಅಂತರ 5 ಅಡಿ. ಕಡ್ಡಿ ಎರಡು ಕಡೆಯಿಂದಲೂ ಬಾಗಿದಾಗ ಉಳಿಯುವ ದಾರಿ ಇನ್ನೂ ಕಿರಿದು. ಅಲ್ಲಿ ಟೈರು ಎರಡು ಅಂಗುಲ ಹೊರಗೆ ಚಾಚಿದರೆ ಸೊಪ್ಪು ಹುಳುವಿಗೆ ಬದಲು ಚಕ್ರಕ್ಕೆ ಹೋಗುತ್ತದೆ.

ಹಲ್ಲು ಯಾವ ಬಗೆಯದು?

ಹಿಂದಿನ ಟೈರಿನ ಹಲ್ಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆರ್-1 ಎಂಬುದು ಸಾಮಾನ್ಯ ಹೊಲದ ಟೈರು. ಆರ್-2 ಎಂಬುದರಲ್ಲಿ ಹಲ್ಲು ಸುಮಾರು ಎರಡರಷ್ಟು ಆಳ. ಗದ್ದೆ, ಕಬ್ಬಿನ ಕೆಸರಿಗೆಂದು ಮಾಡಿದ್ದು. ಕೆಸರಿನಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ ನಿಜ. ಆದರೆ ಟಾರಿನ ಮೇಲೆ ಆ ಉದ್ದ ಹಲ್ಲು ಅಲುಗಾಡಿ ಬಿಸಿಯೇರಿ ಬೇಗ ಸವೆಯುತ್ತದೆ. ಕೆಂಗೇರಿ, ತಾವರೆಕೆರೆಗಳ ರಾಗಿ ಹೊಲಕ್ಕೂ ರಸ್ತೆಗೂ ಆರ್-1 ಸಾಕು. ರಸ್ತೆಯ ಗಂಟೆಗಳೇ ಹೆಚ್ಚಾಗಿರುವವರು ಆರ್-1ರಲ್ಲೇ ಹಲ್ಲು ಅಗಲವಾಗಿದ್ದು ಸಂದು ಕಿರಿದಾಗಿರುವುದನ್ನು ಆರಿಸಲಿ. ಬೈರಮಂಗಲದ ಕಡೆ ವರ್ಷವಿಡೀ ನೀರು ಹಾಯಿಸಿ ಹುಲ್ಲು ಬೆಳೆಯುವವರು, ರಸ್ತೆಗೆ ಹೆಚ್ಚು ಇಳಿಯದಿದ್ದರೆ ಮಾತ್ರ ಆರ್-2 ಯೋಚಿಸಬಹುದು.

ಎರಡು ಚಕ್ರ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಉದ್ದುದ್ದನೆಯ ಮೂರು ಏಣುಗಳಿರುತ್ತವೆ. ನಡುವಿನ ಏಣು ಸವೆದರೆ ಹೊಲದಲ್ಲಿ ಚಕ್ರ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದೆ ಜಾರುತ್ತದೆ. ಆಗ ಬದಲಾಯಿಸಿ. ಯಾವ ಟೈರನ್ನಾಗಲಿ ಜೊತೆಯಾಗಿಯೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಟ್ರ್ಯಾಕ್ಟರು ಒಂದು ಕಡೆಗೆ ಎಳೆಯುತ್ತದೆ, ಡಿಫರೆನ್ಷಿಯಲ್ ಪೆಟ್ಟಿಗೆಗೆ ಬಿಡುವೇ ಇರುವುದಿಲ್ಲ. ಪಕ್ಕೆಯಲ್ಲಿರುವ ಬಾಣದ ಗುರುತು ಟ್ರ್ಯಾಕ್ಟರು ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಇರಲಿ.

ನಾಲ್ಕೂ ಚಕ್ರ ಎಳೆಯುವ ಟ್ರ್ಯಾಕ್ಟರಿದ್ದವರಿಗೆ ಒಂದು ಎಚ್ಚರಿಕೆ

ಇಂತಹ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ವೇಗವಾಗಿ ನೆಲವನ್ನು ಎಳೆದುಕೊಳ್ಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಈ ಹೆಚ್ಚಳ ನೂರಕ್ಕೆ 1ರಿಂದ 5ರೊಳಗೆ ಇರಬೇಕು. ಮುಂದಿನ ಜೊತೆಯನ್ನೋ ಹಿಂದಿನ ಜೊತೆಯನ್ನೋ ಬೇರೆ ಅಳತೆಗೆ ಬದಲಾಯಿಸಿದರೆ ಈ ಹೊಂದಾಣಿಕೆ ಕೆಡುತ್ತದೆ. ಆಗ ಮುಂದಿನ ಚಕ್ರ, ಹಿಂದಿನ ಚಕ್ರ ಒಂದರೊಡನೊಂದು ಜಗ್ಗಾಡುತ್ತವೆ. ಟೈರು ಸವೆಯುವುದು ಹಾಗಿರಲಿ, ಗೇರುಪೆಟ್ಟಿಗೆಯ ರಿಪೇರಿಗೆ ತೆರಿಗೆಯಲ್ಲಿ ಉಳಿದ ಹಣ ಯಾವ ಮೂಲೆಗೂ ಸಾಲದು.

ಇದನ್ನು ನೀವೇ ಪರೀಕ್ಷಿಸಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಮೆತ್ತನೆಯ ಮಣ್ಣಿನ ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರದ ಎಳೆತವನ್ನು ಹಾಕಿಕೊಂಡು, ಹಿಂದಿನ ಚಕ್ರ 10 ಸುತ್ತು ತಿರುಗುವವರೆಗೆ ನೇರವಾಗಿ ಓಡಿಸಿ, ಮುಂದಿನ ಚಕ್ರ ಎಷ್ಟು ಸುತ್ತು ಸುತ್ತಿತೆಂದು ಒಬ್ಬರು ಎಣಿಸಲಿ. ಮತ್ತೆ ಎಳೆತವನ್ನು ತೆಗೆದು ಹಾಗೆಯೇ ಎಣಿಸಿ. ಎಳೆತ ಹಾಕಿದಾಗ 15 ಸುತ್ತು ಮತ್ತು ಐದನೆಯ ಒಂದು ಭಾಗ, ತೆಗೆದಾಗ ಸರಿಯಾಗಿ 14 ಮುಕ್ಕಾಲು ಬಂತೆನ್ನಿ. ವ್ಯತ್ಯಾಸ ನೂರಕ್ಕೆ 3ರಷ್ಟು. ಸರಿಯಾಗಿದೆ. ವ್ಯತ್ಯಾಸವೇ ಇಲ್ಲದಿದ್ದರೂ, 5ನ್ನು ದಾಟಿದರೂ ಟೈರುಗಳ ಹೊಂದಾಣಿಕೆ ತಪ್ಪಿದೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಎಳೆತವನ್ನು ಎಂದೂ ಹಾಕಿಕೊಂಡು ಓಡಿಸಬಾರದೆಂಬುದಕ್ಕೂ ಇದೇ ಕಾರಣ.

ಭಾರ ಏಕೆ, ಎಷ್ಟು?

ಇನ್ನು ಭಾರದ ಮಾತು. ಎಂಜಿನ್ನಿನ ಬಲ ನೆಲಕ್ಕೆ ಇಳಿಯುವುದು ಟೈರಿನ ಮೂಲಕ. ಟೈರಿನ ಮೇಲೆ ಭಾರ ಸಾಲದಿದ್ದರೆ ಚಕ್ರ ನಿಂತಲ್ಲೇ ಜಾರಿ ತಿರುಗುತ್ತದೆ. ನಾಲ್ಕು ಸುತ್ತಿನಲ್ಲಿ ಒಂದು ಸುತ್ತು ಜಾರಿದರೂ ಕಾಲುಭಾಗ ಸಮಯ, ಅದಕ್ಕೆ ತಕ್ಕ ಡೀಸೆಲ್, ಟೈರಿನ ರಬ್ಬರು ವ್ಯರ್ಥ. ಭಾರ ಅತಿಯಾದರೂ ಸುಖವಿಲ್ಲ. ಟ್ರ್ಯಾಕ್ಟರು ತನ್ನ ಮೈಯನ್ನೇ ಹೊತ್ತು ಸಾಗಿಸಲು ಡೀಸೆಲ್ ಸುಡುತ್ತದೆ, ಗೇರುಗಳು ನಲುಗುತ್ತವೆ, ಕೆಮ್ಮಣ್ಣು ಕೆಳಗೆ ಗಟ್ಟಿಯಾಗಿ ರಾಗಿಯ ಬೇರು ಇಳಿಯದಂತಾಗುತ್ತದೆ.

ಸರಿಯಾದ ಭಾರವನ್ನು ತಿಳಿಯಲು ಯಂತ್ರ ಬೇಡ, ಸೀಮೆಸುಣ್ಣ ಸಾಕು. ಹಿಂದಿನ ಟೈರಿಗೆ ಗುರುತು ಹಾಕಿ. ನೇಗಿಲನ್ನು ಎಂದಿನ ಆಳಕ್ಕೆ ಇಳಿಸಿ ಉಳುತ್ತ ಚಕ್ರ 10 ಸುತ್ತು ತಿರುಗಿದ ದೂರಕ್ಕೆ ಎರಡು ಗೂಟ ನೆಡಿ. ಅದೇ ದೂರವನ್ನು ನೇಗಿಲು ಎತ್ತಿಕೊಂಡು ಓಡಿಸಿ, ಸುತ್ತುಗಳನ್ನು ಎಣಿಸಿ. 9 ಸುತ್ತು ಬಂದರೆ ಜಾರಿಕೆ ನೂರಕ್ಕೆ 10. ಎಂಟೂವರೆ ಬಂದರೆ 15. ನಮ್ಮ ಹೊಲಗಳಿಗೆ 8ರಿಂದ 15ರವರೆಗಿನ ಜಾರಿಕೆ ಸರಿ. ಎಂಟು ಸುತ್ತಿಗೇ ಮುಗಿದರೆ ಭಾರ ಸೇರಿಸಬೇಕು. ಒಂಬತ್ತೂವರೆ ಸುತ್ತು ಬಂದರೆ ಭಾರ ಅತಿಯಾಗಿದೆ, ತೆಗೆಯಬೇಕು. ಮಣ್ಣು ಹದದಲ್ಲಿರುವಾಗ ಮಾತ್ರ ಈ ಪರೀಕ್ಷೆ ಮಾಡಿ.

ಒಂದು ಮುಖ್ಯ ಸಂಗತಿ: ಇದು ನೇಗಿಲು, ಕಲ್ಟಿವೇಟರುಗಳಂತಹ ಎಳೆಯುವ ಕೆಲಸಕ್ಕೆ ಹೇಳಿದ ಮಾತು. ಮಿನಿ ಟ್ರ್ಯಾಕ್ಟರುಗಳು ಹೆಚ್ಚಾಗಿ ಮಾಡುವುದು ರೋಟವೇಟರ್ ಕೆಲಸ. ಅದರ ಕತ್ತಿಗಳು ತಿರುಗುವಾಗ ಟ್ರ್ಯಾಕ್ಟರನ್ನು ತಾವೇ ಮುಂದಕ್ಕೆ ತಳ್ಳುತ್ತವೆ. ಅಲ್ಲಿ ಎಳೆತಕ್ಕೆಂದು ಹಿಂದಿನ ಚಕ್ರಕ್ಕೆ ಭಾರ ಸೇರಿಸುವುದರಿಂದ ಪ್ರಯೋಜನವಿಲ್ಲ. ವರ್ಷವಿಡೀ ರೋಟವೇಟರ್ ಮತ್ತು ಟ್ರೇಲರ್ ಮಾತ್ರ ನಡೆಸುವವರು ಹಿಂದಿನ ಟೈರಿಗೆ ನೀರು ತುಂಬಿಸಿ ಹಗಲಿರುಳೂ ಹೊತ್ತು ತಿರುಗುತ್ತಿದ್ದರೆ ಅದು ಸುಮ್ಮನೆ ಹೊರುವ ಹೊರೆ.

ನೀರು ತುಂಬುವವರಿಗೆ

ನೀರು ಅಗ್ಗದ ಭಾರ. ಒಂದು ಲೀಟರಿಗೆ ಒಂದು ಕಿಲೋ. 8.3-24 ಟೈರಿನಲ್ಲಿ ಮುಕ್ಕಾಲು ಭಾಗ ತುಂಬಿದರೆ ಸುಮಾರು 50 ಲೀಟರ್, 13.6-28ರಲ್ಲಿ ಸುಮಾರು 160ರಿಂದ 170 ಲೀಟರ್ ಹಿಡಿಯುತ್ತದೆ. ಚಕ್ರವನ್ನು ಜಾಕಿನಿಂದ ಎತ್ತಿ, ವಾಲ್ವನ್ನು ಮೇಲಕ್ಕೆ ತಂದು, ನೀರು ವಾಲ್ವಿನ ಮಟ್ಟಕ್ಕೆ ಬರುವವರೆಗೆ ತುಂಬಿ. ಮಿಕ್ಕ ಜಾಗಕ್ಕೆ ಗಾಳಿ. ಪೂರ್ತಿ ತುಂಬಬಾರದು, ಟೈರಿನ ಮೆತುತನವೇ ಹೋಗುತ್ತದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮಗೆ ಅದರ ಅಗತ್ಯವಿಲ್ಲ. ಸೋರಿದರೆ ಅದು ರಿಮ್ಮನ್ನು ತಿನ್ನುತ್ತದೆ. ಅದೇ ಕಾರಣಕ್ಕೆ ವೃಷಭಾವತಿಯ ನೀರನ್ನಾಗಲಿ, ಅದರ ಕಾಲುವೆಯ ನೀರನ್ನಾಗಲಿ ಟೈರಿಗೆ ತುಂಬಬೇಡಿ. ಶುದ್ಧ ನೀರೇ ಇರಲಿ.

ಆದರೆ ನೀರಿನ ದೊಡ್ಡ ದೋಷವೆಂದರೆ ಬೇಕಾದಾಗ ಬೇಗ ತೆಗೆಯಲಾಗುವುದಿಲ್ಲ. ಉಳುಮೆಗೆ ತುಂಬಿದ ನೀರು ರಸ್ತೆಯ ಎಂಟು ತಿಂಗಳೂ ಟೈರಿನಲ್ಲೇ ಉಳಿಯುತ್ತದೆ. ಉಬ್ಬು ದಾಟುವಾಗ ಟ್ರ್ಯಾಕ್ಟರು ಕುಪ್ಪಳಿಸುತ್ತದೆ, ಬ್ರೇಕಿಗೆ ಹೊರೆ ಹೆಚ್ಚುತ್ತದೆ. ಆದ್ದರಿಂದ ಎರಡು ಬಾಳಿನ ಟ್ರ್ಯಾಕ್ಟರಿಗೆ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಎರಕದ ಕಬ್ಬಿಣದ ಭಾರವೇ ಲೇಸು. ಮೊದಲು ಹಣ ಹೆಚ್ಚು ಬೀಳುತ್ತದೆ. ಆದರೆ ಅದು ಟೈರಿನಂತೆ ಸವೆಯುವ ಸಾಮಾನಲ್ಲ, ಮಕ್ಕಳ ಕಾಲಕ್ಕೂ ಬರುತ್ತದೆ. ತೆರಿಗೆಯಲ್ಲಿ ಉಳಿದ ಹಣವನ್ನು ಇಲ್ಲಿ ಹಾಕುವುದು ಸರಿಯಾದ ದಾರಿ.

ಮುಂಭಾಗ ಹಗುರಾದರೆ ಪ್ರಾಣಕ್ಕೇ ಕುತ್ತು

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು. ಈಗ ಪ್ರಾಣದ ಮಾತು. ಟ್ರ್ಯಾಕ್ಟರಿನ ಹಿಂದೆ ಉಪಕರಣವನ್ನು ಎತ್ತಿದಾಗ ಮುಂದಿನ ಚಕ್ರಗಳ ಮೇಲೆ ಒಟ್ಟು ತೂಕದ ನೂರಕ್ಕೆ 20ರಷ್ಟಾದರೂ ಉಳಿದಿರಬೇಕು. ಇದಕ್ಕಿಂತ ಕಡಮೆಯಾದರೆ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಏರಿನಲ್ಲಿ ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ನಡೆಸುವವನ ಮೇಲೆಯೇ ಹಿಂದಕ್ಕೆ ಮಗುಚಬಹುದು. ಅದು ಮಗುಚಲು ಒಂದೆರಡು ಸೆಕೆಂಡು ಸಾಕು, ಹಾರಿಕೊಳ್ಳಲು ಸಮಯವಿರುವುದಿಲ್ಲ.

ಇದನ್ನು ಅಳೆಯಲು ಹತ್ತಿರದ ವೇ ಬ್ರಿಡ್ಜಿಗೆ ಹೋಗಿ. ಇಟ್ಟಿಗೆ, ಜಲ್ಲಿ ತೂಗುವ ಕಡೆ ನಿಮ್ಮ ಟ್ರ್ಯಾಕ್ಟರನ್ನೂ ತೂಗಿಸಬಹುದು. ಮೊದಲು ಪೂರ್ತಿ ಟ್ರ್ಯಾಕ್ಟರು, ಆಮೇಲೆ ಮುಂದಿನ ಚಕ್ರ ಮಾತ್ರ, ಆಮೇಲೆ ರೋಟವೇಟರ್ ಎತ್ತಿಕೊಂಡು ಇದೇ ಎರಡು ತೂಕ. ಉದಾಹರಣೆಗೆ ಒಂದು ಲೆಕ್ಕ: 900 ಕಿಲೋ ಟ್ರ್ಯಾಕ್ಟರು, ಮುಂದೆ 380, ಹಿಂದೆ 520. 220 ಕಿಲೋ ರೋಟವೇಟರ್ ಎತ್ತಿದಾಗ ಒಟ್ಟು 1,120 ಕಿಲೋ. ಆದರೆ ರೋಟವೇಟರ್ ಹಿಂದಿನ ಅಚ್ಚಿನಾಚೆ ತೂಗುತ್ತ ಮುಂಭಾಗವನ್ನು ಮೇಲಕ್ಕೆ ಮೀಟುವುದರಿಂದ ಮುಂದಿನ ಚಕ್ರದಲ್ಲಿ ಉಳಿಯುವುದು 210 ಕಿಲೋ ಮಾತ್ರ. ನೂರಕ್ಕೆ 19 ಕೂಡ ಇಲ್ಲ. ಈಗ ಮೂತಿಗೆ 40 ಕಿಲೋ ಭಾರ ತಗುಲಿಹಾಕಿ. ಅದು ಮುಂದಿನ ಅಚ್ಚಿಗಿಂತ ಮುಂದೆ ಚಾಚಿರುವುದರಿಂದ ಹಿಂದಿನಿಂದಲೂ ಸ್ವಲ್ಪ ಭಾರವನ್ನು ಕಿತ್ತು ತಂದು ಮುಂದಿನ ಚಕ್ರಕ್ಕೆ ಸುಮಾರು 55 ಕಿಲೋ ಕೊಡುತ್ತದೆ. 265 ಕಿಲೋ, ಅಂದರೆ ನೂರಕ್ಕೆ 22ರ ಮೇಲೆ. ಅಪಾಯ ದೂರವಾಯಿತು. ಅದೇ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ 100 ಕಿಲೋ ನೀರು ತುಂಬಿದ್ದರೆ ಮುಂಭಾಗಕ್ಕೆ ಒಂದು ಕಿಲೋ ಕೂಡ ಸಿಗುತ್ತಿರಲಿಲ್ಲ.

ಟ್ರೇಲರ್ ಎಳೆಯುವಾಗಲೂ ಇದೇ ನ್ಯಾಯ. ಎರಡು ಚಕ್ರದ ಟ್ರೇಲರ್ ತನ್ನ ಹೊರೆಯ ಒಂದು ಪಾಲನ್ನು ಟ್ರ್ಯಾಕ್ಟರಿನ ಕೊಕ್ಕೆಯ ಮೇಲೆ ಹೇರುತ್ತದೆ. ಹಿಂದಿನ ಚಕ್ರಕ್ಕೆ ಭಾರ ತಾನಾಗಿ ಬಂತು, ಬೇಕಾದದ್ದು ಮುಂದೆ. ಹೊರೆಯನ್ನು ಟ್ರೇಲರಿನ ಮುಂಭಾಗಕ್ಕೇ ಒಟ್ಟಬೇಡಿ, ಪೂರ್ತಿ ಹಿಂದಕ್ಕೂ ಒಟ್ಟಬೇಡಿ. ಕೊಕ್ಕೆಯನ್ನು ಕಂಪನಿ ಕೊಟ್ಟ ತಗ್ಗಿನ ಜಾಗದಲ್ಲೇ ಹಾಕಿ. ಮೇಲಿನ ಕೊಂಡಿಗೆ ಸರಪಳಿ ಬಿಗಿದು ಎಳೆಯುವುದು ಟ್ರ್ಯಾಕ್ಟರನ್ನು ಮಗುಚುವ ನೇರ ದಾರಿ. ಬದುವಿನ ಮೇಲೆ, ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸುವಾಗ ಚಿಕ್ಕ ಟ್ರ್ಯಾಕ್ಟರು ಬೇಗ ವಾಲುತ್ತದೆ. ಮಡ್‌ಗಾರ್ಡಿನ ಮೇಲೆ ಆಳುಗಳನ್ನು ಕೂರಿಸಿಕೊಂಡು ಅದನ್ನೇ ಭಾರವೆಂದು ಭಾವಿಸುವ ಅಭ್ಯಾಸ ನಿಲ್ಲಲೇಬೇಕು. ಮನುಷ್ಯ ಭಾರದ ಕಲ್ಲಲ್ಲ.

ಗಾಳಿಯ ಲೆಕ್ಕ

ಟೈರು, ಭಾರ ಎರಡೂ ಸರಿಯಾಗಿದ್ದು ಗಾಳಿ ತಪ್ಪಿದರೆ ಎಲ್ಲ ವ್ಯರ್ಥ. ಪಂಕ್ಚರ್ ಅಂಗಡಿಯಲ್ಲಿ ಲಾರಿಗೆ ಹಾಕುವ ಹುಡುಗ ಟ್ರ್ಯಾಕ್ಟರಿಗೂ ಕಲ್ಲಿನಂತೆ ಗಾಳಿ ತುಂಬುವುದುಂಟು. ಹಿಂದಿನ ಟೈರಿಗೆ ಹೊಲದಲ್ಲಿ ಸಾಮಾನ್ಯವಾಗಿ 12ರಿಂದ 16 ಪೌಂಡ್ ಸಾಕು. ಎರಡು ಚಕ್ರ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಟೈರಿಗೆ 26ರಿಂದ 32. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು. ಗಾಳಿ ಹೆಚ್ಚಾದರೆ ಟೈರು ನಡುವೆ ಮಾತ್ರ ನೆಲ ಮುಟ್ಟಿ ಜಾರುತ್ತದೆ. ತೀರ ಕಡಮೆಯಾದರೆ ರಿಮ್ಮು ಟೈರಿನೊಳಗೇ ಜಾರಿ ಟ್ಯೂಬಿನ ವಾಲ್ವನ್ನು ಕಿತ್ತುಹಾಕುತ್ತದೆ. ಟ್ರೇಲರಿನೊಡನೆ ರಸ್ತೆಗೆ ಇಳಿಯುವಾಗ ಕೈಪಿಡಿ ಹೇಳಿದಷ್ಟು ಏರಿಸಿ, ಹೊಲಕ್ಕೆ ಮರಳುವಾಗ ಇಳಿಸಿ. ನೀರು ತುಂಬಿದ ಟೈರಿನಲ್ಲಿ ವಾಲ್ವು ಮೇಲಿರುವಾಗಲೇ ಗಾಳಿ ನೋಡಬೇಕು. ಒಂದು ಗಾಳಿಮಾಪಕ ಮನೆಯಲ್ಲಿರಲಿ.

ಆಗಬೇಕಾದದ್ದು

ತೆರಿಗೆ ಇಳಿಸಿದ್ದು ಒಳ್ಳೆಯ ಕೆಲಸ. ನೂರಕ್ಕೆ 12ರ ತೆರಿಗೆಯಲ್ಲಿ ಟ್ರ್ಯಾಕ್ಟರು ಮಾರಿ, ಅದರ ಟೈರಿಗೆ 18 ಕೇಳುತ್ತಿದ್ದ ವಿಚಿತ್ರ ಕೊನೆಗೊಂಡಿತು. ಆದರೆ ಸಹಾಯಧನದ ಮೂಲಕ ಮಿನಿ ಟ್ರ್ಯಾಕ್ಟರು ಹಳ್ಳಿಗೆ ತಲುಪಿದಷ್ಟು ಸುಲಭವಾಗಿ ಅದರ ಭಾರ, ಗಾಳಿ, ಹೊಂದಾಣಿಕೆಯ ತಿಳಿವಳಿಕೆ ತಲುಪಲಿಲ್ಲ. ಹೋಬಳಿಗಳಲ್ಲಿರುವ ಕೃಷಿ ಯಂತ್ರಧಾರೆ ಕೇಂದ್ರಗಳು ನೇಗಿಲು, ರೋಟವೇಟರುಗಳನ್ನು ಬಾಡಿಗೆಗೆ ಕೊಡುವಾಗ ಜೊತೆಗೆ ಮುಂಭಾಗದ ಭಾರವನ್ನೂ ಗಾಳಿಮಾಪಕವನ್ನೂ ಕೊಡಬೇಕು. ರೋಟವೇಟರ್ ಬಾಡಿಗೆಗೆ ಒಯ್ಯುವ ರೈತನಿಗೆ ಆ 40 ಕಿಲೋ ಕಬ್ಬಿಣ ಉಪಕರಣದಷ್ಟೇ ಅವಶ್ಯ. ಸರ್ವಿಸ್ ರಸ್ತೆಗೆ ಟ್ರ್ಯಾಕ್ಟರುಗಳನ್ನು ಇಳಿಸಿದ ಹೆದ್ದಾರಿಯವರು ಆ ರಸ್ತೆಯ ಗುಂಡಿ, ಉಬ್ಬುಗಳ ಕಡೆಗೂ ಗಮನ ಕೊಡಬೇಕೆಂದು ಕೇಳುವ ಹಕ್ಕು ನಿಮಗಿದೆ.

ನೀವು ಈ ವಾರವೇ ಮಾಡಬಹುದಾದದ್ದು ಇಷ್ಟು: ಗಂಟೆಗಳ ಹಾಳೆ ಬರೆಯಿರಿ. ಸೀಮೆಸುಣ್ಣದ ಪರೀಕ್ಷೆ ಮಾಡಿ. ಟ್ರ್ಯಾಕ್ಟರನ್ನು ಒಮ್ಮೆ ತೂಗಿಸಿ, ಅಂಕಿಗಳನ್ನು ಮಡ್‌ಗಾರ್ಡಿನ ಒಳಮೈಗೆ ಬಣ್ಣದಲ್ಲಿ ಬರೆಸಿಡಿ. ಓದುವ ಮನೆಯಲ್ಲಿ ನಾಲ್ಕು ಜನ ಒಂದೇ ಮಾದರಿಯ ಟ್ರ್ಯಾಕ್ಟರ್ ಉಳ್ಳವರಿದ್ದರೆ ಒಂದು ಜೊತೆ ಕಬ್ಬಿಣದ ಭಾರವನ್ನು ಕೂಡಿ ಕೊಳ್ಳಬಹುದು. ನಾಲ್ವರ ಉಳುಮೆಯೂ ಒಂದೇ ದಿನ ನಡೆಯುವುದಿಲ್ಲ. ಇಷ್ಟಾದ ಮೇಲೆ ಟೈರಿನ ಅಂಗಡಿಗೆ ಹೋಗಿ. ಆಗ ಯಾವ ಟೈರು ಬೇಕೆಂದು ಅಂಗಡಿಯವರನ್ನು ಕೇಳುವ ಅಗತ್ಯ ನಿಮಗೆ ಬೀಳದು, ನೀವೇ ಹೇಳುವಿರಿ.